ನೀರು ಒಗ್ಗುವ ಬಗೆ: ಮುಂಬಯಿ ಕನ್ನಡ ಕಥನವನ್ನು ಕುರಿತು

ದೂರದ ಊರಿಗೆ ದುಡಿಯಲು ಹೋದವನು ಮೊದಲ ಸಲ ರಜೆಯಲ್ಲಿ ಮನೆಗೆ ಬಂದಾಗ ಕರಾವಳಿಯ ಹಿರಿಯರು ಕೇಳುವ ಪ್ರಶ್ನೆಗಳಲ್ಲಿ ಒಂದು, “ಅಲ್ಲಿಯ ನೀರು ಒಗ್ಗಿತೋ?” ಎಂಬುದು. ಸಂಬಳ, ವಸತಿ, ಭಾಷೆ ಇವುಗಳ ವಿಚಾರಣೆ ಅನಂತರದ್ದು. ಈ ವಾಕ್ಯದ ರಚನೆಯನ್ನು ತುಸು ಗಮನಿಸಬೇಕು. ‘ಹೊಂದಿಕೊಳ್ಳುವುದು’ ಮನುಷ್ಯನು ಮಾಡುವ ಕೆಲಸ. ಒಗ್ಗುವ ಕೆಲಸ ನೀರಿನದು. ‘ನನಗೆ ನೀರು ಒಗ್ಗಿತು’ ಎಂಬಲ್ಲಿ ನೀರು ಕರ್ತೃಸ್ಥಾನದಲ್ಲಿದೆ, ಮನುಷ್ಯನು ಚತುರ್ಥಿ ವಿಭಕ್ತಿಯಲ್ಲಿ ನಿಂತಿದ್ದಾನೆ. ಪರಿಸರ ಮತ್ತು ಮನುಷ್ಯರ ಸಂಬಂಧವನ್ನು ಕುರಿತು ನಮ್ಮ ಆಡುಮಾತು ತಳೆದಿರುವ ನಿಲುವು ಈ ವಿಭಕ್ತಿಯಲ್ಲಿ ಅಡಗಿದೆ ಎಂದರೆ ಅತಿಶಯವಾಗಲಾರದು.

ಮುಂಬಯಿಯನ್ನು ಕುರಿತ ಕನ್ನಡ ಕಥನವನ್ನು ವಿಮರ್ಶೆ ಇದುವರೆಗೆ ಹೆಚ್ಚಾಗಿ ಬೇರೊಂದು ಪರಿಭಾಷೆಯಲ್ಲಿ ಓದಿದೆ. ಪರಕೀಯತೆ, ಅನಾಥಪ್ರಜ್ಞೆ, ಬೇರು ಕಳಚಿಕೊಂಡ ಸ್ಥಿತಿ ಮುಂತಾದ ಪದಗಳು ನವ್ಯದ ಕಾಲದಿಂದ ನಮ್ಮ ಕೈಯಲ್ಲಿವೆ. ಇವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇವು ನಗರಕ್ಕೆ ಬಂದವನ ಯಾತನೆಯನ್ನು ವಿವರಿಸುವಷ್ಟು ಸಮರ್ಥವಾಗಿ ಅವನು ಮರುದಿನ ಬೆಳಗ್ಗೆ ಹೇಗೆ ಎದ್ದು ಕೆಲಸಕ್ಕೆ ಹೋದ ಎಂಬುದನ್ನು ವಿವರಿಸುವುದಿಲ್ಲ. ಊರಿನಿಂದ ತಂದ ಯಾವ ಅರಿವು ಅಲ್ಲಿ ನಡೆಯಿತು, ಯಾವುದು ನಡೆಯಲಿಲ್ಲ, ಯಾವುದು ತಿರುಗಿ ಅವನ ಮೇಲೆಯೇ ಬಿತ್ತು ಎಂಬ ಪ್ರಶ್ನೆಗಳನ್ನು ಕೆಲವು ಕೃತಿಗಳ ಮುಂದೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಮಾನವಶಾಸ್ತ್ರಜ್ಞ ಜೂಲಿಯನ್ ಸ್ಟೀವರ್ಡ್ 1955ರಲ್ಲಿ ಪ್ರಕಟಿಸಿದ ಸಂಸ್ಕೃತಿಯ ಬದಲಾವಣೆಯನ್ನು ಕುರಿತ ಗ್ರಂಥದಲ್ಲಿ ‘ಸಂಸ್ಕೃತಿಯ ತಿರುಳು’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ಜೀವನೋಪಾಯಕ್ಕೂ ಪರಿಸರಕ್ಕೂ ನೇರವಾಗಿ ತಗಲಿಕೊಂಡಿರುವ ಲಕ್ಷಣಗಳು ತಿರುಳು. ಉಳಿದವು ಅದರ ಸುತ್ತ ಸಡಿಲವಾಗಿ ಕೂಡಿಕೊಂಡವು. ಈ ವಿಂಗಡಣೆ ಒಣಭೂಮಿಯಲ್ಲಿ ಗೆಡ್ಡೆಕಾಳು ಸಂಗ್ರಹಿಸಿ ಬದುಕುತ್ತಿದ್ದ ಬುಡಕಟ್ಟುಗಳ ಅಧ್ಯಯನದಿಂದ ಹುಟ್ಟಿದ್ದು. ತಿರುಳನ್ನು ಕಿತ್ತು ಹಡಗಿನಲ್ಲೋ ರೈಲಿನಲ್ಲೋ ಬೇರೊಂದು ನಗರಕ್ಕೆ ಸಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದರಲ್ಲಿ ಸಿದ್ಧ ಉತ್ತರವಿಲ್ಲ. ಮುಂಬಯಿಯ ಕನ್ನಡಿಗರ ಅನುಭವ ಅಲ್ಲಿಂದ ಆರಂಭವಾಗುತ್ತದೆ.

ಕಥನದ ಮಟ್ಟಿಗೆ ಹೇಳುವುದಾದರೆ ಮೊದಲ ಮಾದರಿಯನ್ನು ಹಾಕಿಕೊಟ್ಟವರು ಶಿವರಾಮ ಕಾರಂತರು. ನಲವತ್ತರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯ ಐತಾಳರ ಮನೆಯ ಮೂರು ತಲೆಮಾರುಗಳು ಕಡಲು, ಹೊಳೆ, ಉಪ್ಪುನೀರುಗಳ ನಡುವಿನ ಇಕ್ಕಟ್ಟಾದ ನೆಲದಲ್ಲಿ ಬದುಕುತ್ತವೆ. ಆ ನೆಲದ ಅರಿವು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದೆ. ಮೂರನೆಯ ತಲೆಮಾರಿನ ರಾಮ ಮದರಾಸಿನಲ್ಲಿ ಓದಿ, ಕೆಲಸ ಹುಡುಕುತ್ತ ಮುಂಬಯಿಗೂ ಹೋಗಿ, ಕೊನೆಗೆ ಮಣ್ಣಿಗೆ ಹಿಂದಿರುಗುತ್ತಾನೆ. ಕಾರಂತರಿಗೆ ಅರಿವು ಸ್ಥಳಕ್ಕೆ ಅಂಟಿದ್ದು. ಅದನ್ನು ಬಳಸಬೇಕಾದವನು ಸ್ಥಳಕ್ಕೆ ಮರಳಲೇಬೇಕು. ಮುಂಬಯಿ ಇಲ್ಲಿ ದಾರಿಯಲ್ಲಿ ಸಿಗುವ ಒಂದು ನಿಲ್ದಾಣ ಮಾತ್ರ. ಮುಂದೆ ಬಂದ ಮುಂಬಯಿ ಕಥನವೆಲ್ಲ ಮರಳದೆ ಉಳಿದವರದು ಎಂಬುದನ್ನು ನೆನೆದರೆ, ಅದು ಕಾರಂತರ ಕಾದಂಬರಿಯ ಶೀರ್ಷಿಕೆಯೊಡನೆ ಮಾಡಿದ ದೀರ್ಘ ವಾಗ್ವಾದದಂತೆ ತೋರುತ್ತದೆ.

ಮರಳದವರು ಏನನ್ನು ಒಯ್ದರು? ಮೊದಲು ಕಾಣುವುದು ಅಡುಗೆ. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳಲ್ಲಿ ನೂರಾರು ಮಂದಿಗೆ ಒಂದೇ ಹೊತ್ತಿಗೆ ಬಡಿಸುವ ವಿದ್ಯೆ ತಲೆಮಾರುಗಳಿಂದ ಪಳಗಿತ್ತು. ಅಳತೆ, ಸರದಿ, ಮಡಿ, ಹೊತ್ತು ಇವೆಲ್ಲ ಅದರ ಅಂಗಗಳು. ಮುಂಬಯಿಯ ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಬಡಿಸುವ ಕ್ರಮವನ್ನು ಕಂಡವರಿಗೆ ಈ ವಿದ್ಯೆಯ ಮೂಲ ಹೊಳೆಯದೆ ಇರದು. ಇಲ್ಲಿ ಪರಿಸರವೂ ಒಂದಿಷ್ಟು ಸಹಕರಿಸಿತು. ಉದ್ದಿನ ಹಿಟ್ಟು ಹುದುಗು ಬರಲು ಬೇಕಾದ ಸೆಕೆ ಮತ್ತು ತೇವ ಮಂಗಳೂರಿನಲ್ಲಿರುವಂತೆಯೇ ಮುಂಬಯಿಯಲ್ಲಿಯೂ ಇದೆ. ಎರಡೂ ಒಂದೇ ಕಡಲಿನ ದಂಡೆಗಳು. ಇದೇ ಭಟ್ಟರು ದಿಲ್ಲಿಯ ಚಳಿಗೆ ಹೋಗಿದ್ದರೆ ರಾತ್ರಿ ರುಬ್ಬಿದ ಹಿಟ್ಟು ಬೆಳಗಿಗೆ ಉಬ್ಬದೆ ಕೈಕೊಡುತ್ತಿತ್ತು. ಸಾಂಬಾರಿಗೆ ಬೆಲ್ಲ ಹಾಕುವ ಉಡುಪಿಯ ರೂಢಿ ಗುಜರಾತಿ ಗಿರಾಕಿಯ ನಾಲಗೆಗೆ ಹಿತವಾಯಿತೆಂದು ಹೇಳುವವರೂ ಇದ್ದಾರೆ. ಮುಂದೆ ಪಾವ್‌ಭಾಜಿ, ಪಂಜಾಬಿ ಸಬ್ಜಿ, ಚೈನೀಸ್ ಅನ್ನ ಎಲ್ಲವೂ ಅದೇ ಅಡುಗೆಮನೆಗೆ ಬಂದವು. ತಿರುಳು ಎಂದರೆ ಬದಲಾಗದ್ದು ಎಂದು ತಿಳಿದಿದ್ದರೆ ನಾವು ಇಲ್ಲಿ ತಪ್ಪುತ್ತೇವೆ. ಉಳಿದುದು ತಿನಿಸುಗಳ ಪಟ್ಟಿಯಲ್ಲ. ಹೆಚ್ಚು ಜನಕ್ಕೆ ಬೇಗ, ಕಡಮೆ ಬೆಲೆಗೆ, ಚೊಕ್ಕಟವಾಗಿ ಬಡಿಸುವ ಕ್ರಮ.

ಎರಡನೆಯದು ಸಂಘ ಕಟ್ಟುವ ಅಭ್ಯಾಸ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಹುಟ್ಟಿತು. ಮೈಸೂರು ಅಸೋಸಿಯೇಷನ್ 1926ರಲ್ಲಿ ಬಂತು. ಜಾತಿ, ಸೀಮೆ, ಭಾಷೆಗಳ ಹೆಸರಿನಲ್ಲಿ ಇಂತಹ ಸಂಸ್ಥೆಗಳು ಬೆಳೆಯುತ್ತ ಹೋದವು. ಇವು ನಡೆಸಿದ ರಾತ್ರಿಶಾಲೆಗಳು ವಿಶೇಷವಾದ ವಿಚಾರಕ್ಕೆ ಅರ್ಹವಾಗಿವೆ. ಹಗಲು ಹೋಟೆಲಿನಲ್ಲಿ ಮೇಜು ಒರೆಸುವ, ಪಾತ್ರೆ ತೊಳೆಯುವ ಹುಡುಗ ಸಂಜೆ ಕೋಟೆಯ ಶಾಲೆಯಲ್ಲಿ ಕನ್ನಡದಲ್ಲಿ ಗಣಿತ, ಇತಿಹಾಸ ಓದಿ, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದನು. (ಹಳೆಯ ಮುಂಬಯಿ ಕನ್ನಡಿಗರು ಫೋರ್ಟ್ ಭಾಗವನ್ನು ‘ಕೋಟೆ’ ಎಂದೇ ಕರೆಯುತ್ತಿದ್ದರು, ಪರಸ್ಥಳವನ್ನು ತನ್ನ ನುಡಿಗೆ ತಂದುಕೊಳ್ಳುವ ಈ ಸಣ್ಣ ಕೆಲಸವೂ ಒಗ್ಗುವಿಕೆಯ ಭಾಗವೇ.) ಹೀಗೆ ಓದಿದವರಲ್ಲಿ ಬ್ಯಾಂಕು ಸೇರಿದವರು, ವಕೀಲರಾದವರು, ತಾವೇ ಹೋಟೆಲು ತೆರೆದವರು ಉಂಟು. ತಾಯ್ನುಡಿಯ ಶಾಲೆ ಮನುಷ್ಯನನ್ನು ಊರಿಗೆ ಕಟ್ಟಿಹಾಕುತ್ತದೆಂಬ ವಾದಕ್ಕೆ ಈ ಶಾಲೆಗಳು ಪ್ರತ್ಯಕ್ಷ ಉತ್ತರ. ಅಲ್ಲಿ ಕನ್ನಡವೇ ನಗರದೊಳಕ್ಕೆ ಹೋಗುವ ಬಾಗಿಲಾಗಿತ್ತು.

ಆದರೆ ಸಂಸ್ಕೃತಿ ನೆರವಾಗುತ್ತದೆ ಎನ್ನುವಾಗ ಯಾರ ಸಂಸ್ಕೃತಿ, ಯಾರಿಗೆ ನೆರವು ಎಂದು ಕೇಳಲೇಬೇಕು. ಮಠದ ಪಾಕಶಾಸ್ತ್ರದೊಡನೆ ಮಠದ ಪಂಕ್ತಿಯೂ ಮುಂಬಯಿಗೆ ಬಂತು. ಹೊಸದಾಗಿ ಬಂದವನಿಗೆ ತಲೆಯೂರಲು ಜಾಗ ಸಿಗುತ್ತಿದ್ದುದು ಊರವನೊಬ್ಬನ ಖೋಲಿಯಲ್ಲಿ, ಬಹುತೇಕ ಸ್ವಜಾತಿಯವನ ಖೋಲಿಯಲ್ಲಿ. ಜಾತಿಸಂಘಗಳ ಉಪಕಾರವನ್ನು ಬಣ್ಣಿಸುವ ಬರಹಗಳು, ಯಾವ ಸಂಘವೂ ಇಲ್ಲದವನು ಮೊದಲ ರಾತ್ರಿ ಎಲ್ಲಿ ಕಳೆದ ಎಂಬುದನ್ನು ಹೇಳುವುದು ವಿರಳ.

ಈ ಪ್ರಶ್ನೆಯ ಅತ್ಯಂತ ಕಠೋರವಾದ ರೂಪವನ್ನು ನಾವು ಕಾಣುವುದು ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979). ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪ ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತಾಗಿ, ಯಾವ ಆರೋಪಕ್ಕೆ ಯಾರು ಕಾರಣರೆಂದು ತಿಳಿಯದ ವಿಚಾರಣೆಯ ಜಾಲದಲ್ಲಿ ಸಿಕ್ಕಿಕೊಳ್ಳುತ್ತಾನೆ. ಇದನ್ನು ನಗರದ ಅಮಾನುಷ ವ್ಯವಸ್ಥೆಯಲ್ಲಿ ಒಂಟಿಯಾದ ವ್ಯಕ್ತಿಯ ಕಥೆಯೆಂದು ಓದುವ ಕ್ರಮ ರೂಢಿಯಲ್ಲಿದೆ. ಕಾಫ್ಕಾನ ಹೆಸರೂ ಬೇಗನೆ ಬರುತ್ತದೆ. ಶೀರ್ಷಿಕೆಯಿಂದ ಹೊರಟರೆ ಬೇರೊಂದು ದಾರಿ ಕಾಣುತ್ತದೆ. ಕನ್ನಡದಲ್ಲಿ ‘ಶಿಕಾರಿ’ ಎಂದರೆ ಬೇಟೆ. ‘ಶಿಕಾರಿಗೆ ಹೋದರು’ ಎನ್ನುತ್ತೇವೆ. ಮುಂಬಯಿಯ ಹಿಂದಿ, ಮರಾಠಿಗಳಲ್ಲಿ ಅದೇ ಪದಕ್ಕೆ ಬೇಟೆಗಾರನೆಂಬ ಅರ್ಥ. ‘ಬೇಟೆ’ ಎಂಬ ಪದ ಕೈಯಲ್ಲಿರುವಾಗ ಚಿತ್ತಾಲರು ‘ಶಿಕಾರಿ’ಯನ್ನು ಆರಿಸಿಕೊಂಡದ್ದು ಬುದ್ಧಿಪೂರ್ವಕವೋ ಅಲ್ಲವೋ, ಉತ್ತರ ಕನ್ನಡದ ಕಿವಿಗೆ ಒಂದು ಕ್ರಿಯೆಯೂ ಮುಂಬಯಿಯ ಕಿವಿಗೆ ಒಬ್ಬ ವ್ಯಕ್ತಿಯೂ ಒಂದೇ ಪದದಲ್ಲಿ ಕೇಳಿಸುವಂತಾಯಿತು. ನಾಗಪ್ಪನ ಸಂಕಟವೂ ಇದೇ ಬಗೆಯದು: ಬೇಟೆ ನಡೆದಿರುವುದು ಅವನಿಗೆ ತಿಳಿಯುತ್ತದೆ, ಬೇಟೆಗಾರ ಯಾರೆಂಬುದು ತಿಳಿಯುವುದಿಲ್ಲ.

ಬೇಟೆಯಲ್ಲಿ ಪ್ರಾಣಿಗೂ ಬೇಟೆಗಾರನಿಗೂ ಬೇಕಾದದ್ದು ಒಂದೇ ವಿದ್ಯೆ, ಗುರುತುಗಳನ್ನು ಓದುವುದು. ಹೆಜ್ಜೆ, ಗಾಳಿ, ಮುರಿದ ಕಡ್ಡಿ, ಹಠಾತ್ತಾಗಿ ನಿಂತ ಹಕ್ಕಿಯ ಕೂಗು. ನಾಗಪ್ಪನ ಮನಸ್ಸು ಕಾದಂಬರಿಯುದ್ದಕ್ಕೂ ಮಾಡುವುದು ಇದನ್ನೇ. ಫೋನಿನಲ್ಲಿ ಕೇಳಿದ ಒಂದು ಮಾತಿನ ಧಾಟಿ, ಪತ್ರವೊಂದರ ಒಕ್ಕಣೆ, ಎದುರಿಗೆ ಬಂದವನ ಮುಖ ತಪ್ಪಿಸುವಿಕೆ ಅವನಿಗೆ ಹೆಜ್ಜೆಗುರುತುಗಳು. ಅವನನ್ನು ಮೇಲಕ್ಕೇರಿಸಿದ್ದು ವಿಜ್ಞಾನ, ತಂತ್ರಜ್ಞಾನಗಳ ತರಬೇತಿ; ಆದರೆ ಸಂಕಟದ ಹೊತ್ತಿಗೆ ಅವನು ನೆಚ್ಚುವುದು ಅದನ್ನಲ್ಲ. ಸ್ವತಃ ರಸಾಯನ ತಂತ್ರಜ್ಞಾನವನ್ನು ಓದಿ ಪಾಲಿಮರ್ ಉದ್ಯಮದಲ್ಲಿ ದುಡಿದ ಲೇಖಕರು ಈ ವ್ಯತ್ಯಾಸವನ್ನು ಸುಮ್ಮನೆ ಮಾಡಿರಲಾರರು. ಹನೇಹಳ್ಳಿಯ ಬಾಲ್ಯ, ಮನೆತನದ ಸಾವುಗಳು, ಊರಿನ ಗುಸುಗುಸುಗಳು ಅವನಿಗೆ ಜನರನ್ನು ಅರ್ಥಮಾಡಿಕೊಳ್ಳುವ ಸಲಕರಣೆಗಳಾಗುತ್ತವೆ.

ಇಲ್ಲಿಯವರೆಗೆ ಬಂದರೆ ಊರಿನ ಅರಿವು ನಗರದಲ್ಲಿ ಕಾಯುತ್ತದೆ ಎಂಬ ಸಮಾಧಾನಕರ ತೀರ್ಮಾನಕ್ಕೆ ನಿಲ್ಲಬಹುದಾಗಿತ್ತು. ಚಿತ್ತಾಲರು ನಿಲ್ಲಗೊಡುವುದಿಲ್ಲ. ನಾಗಪ್ಪನ ವೈರಿಗಳಲ್ಲಿ ಕಂಪನಿಯ ಸಾಹೇಬರೊಡನೆ ಊರಿನ ನಂಟಿನ ಶ್ರೀನಿವಾಸನೂ ಇದ್ದಾನೆ. ನಾಗಪ್ಪನ ಮನೆತನದ ಹಿಂದಿನ ಕಥೆಯನ್ನು ಬಲ್ಲವನು ಅವನೇ, ಆದುದರಿಂದ ಅದನ್ನು ಆಯುಧವಾಗಿ ಎತ್ತಬಲ್ಲವನೂ ಅವನೇ. ಊರಿನಲ್ಲಿ ‘ಇಂಥವರ ಮಗ’ ಎಂಬ ಪರಿಚಯ ಮನುಷ್ಯನಿಗೆ ನೆಲೆ ಕೊಡುವಂಥದು. ಮುಂಬಯಿಯಲ್ಲಿ ಅದೇ ಪರಿಚಯ ಅವನ ಜಾಡು ಹಿಡಿಯಲು ನೆರವಾಗುತ್ತದೆ. ಸಂಸ್ಕೃತಿಯನ್ನು ಕೇವಲ ಒಗ್ಗುವಿಕೆಯ ಸಾಧನವೆಂದು ಭಾವಿಸುವ ಸಿದ್ಧಾಂತ ಈ ಕಾದಂಬರಿಯ ಎದುರು ಸೋಲುತ್ತದೆ ಎಂದು ನಮ್ಮ ಅಭಿಪ್ರಾಯ. ಪರಿಸರವೆಂದರೆ ಮಳೆ, ನೆಲ, ಗಾಳಿ ಮಾತ್ರವಾಗಿದ್ದರೆ ಸಿದ್ಧಾಂತ ಉಳಿಯುತ್ತಿತ್ತು. ನಗರದಲ್ಲಿ ಒಬ್ಬನಿಗೆ ಇನ್ನೊಬ್ಬನೇ ಪರಿಸರ, ಮತ್ತು ಆ ಇನ್ನೊಬ್ಬನಿಗೂ ಅದೇ ಅರಿವು ಉಂಟು.

ವ್ಯಾಸರಾಯ ಬಲ್ಲಾಳರ ‘ಬಂಡಾಯ’ವನ್ನು (ಇದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು) ಇಲ್ಲಿ ಸಂಕ್ಷೇಪವಾಗಿ ಮಾತ್ರ ನೆನೆಯಬಹುದು. ಕಾರ್ಮಿಕ ಸಂಘಟನೆಯ ಜಗತ್ತನ್ನು ವಸ್ತುವಾಗಿ ಆರಿಸಿಕೊಂಡಾಗಲೇ ಬಲ್ಲಾಳರು ಊರಿನಿಂದ ಬಾರದ ಅರಿವಿನ ಕಡೆಗೆ ಹೊರಳಿದರು. ಯೂನಿಯನ್ನು, ಬೇಡಿಕೆಪತ್ರ, ಸಂಧಾನ ಇವನ್ನು ಯಾವ ಅಜ್ಜಿಯೂ ಕಲಿಸಿರಲಿಲ್ಲ; ಮುಂಬಯಿಯ ದುಡಿಮೆಯೇ ಕಲಿಸಿತು. ಈ ದೃಷ್ಟಿಯಿಂದ ಅದನ್ನು ಮತ್ತೊಮ್ಮೆ ಓದುವ ಅಗತ್ಯವಿದೆ.

ಜಯಂತ ಕಾಯ್ಕಿಣಿಯವರಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಗೋಕರ್ಣದಿಂದ ಬಂದು ಔಷಧ ಉದ್ಯಮದಲ್ಲಿ ಜೀವರಸಾಯನಜ್ಞರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಮುಂಬಯಿಯಲ್ಲಿದ್ದ ಅವರ ಕಥೆಗಳಲ್ಲಿ ಕನ್ನಡಿಗರೇ ಮುಖ್ಯರಾಗಬೇಕೆಂಬ ನಿಯಮವಿಲ್ಲ. ಮದುವೆಯ ದಿನ ಕುದುರೆ ದಿಕ್ಕೆಟ್ಟು ಓಡಿ ಕಂಗಾಲಾಗುವ ದಗಡೂ ಪರಬ, ಒಪೆರಾ ಹೌಸ್ ಚಿತ್ರಮಂದಿರದಲ್ಲಿ ಕಸ ಗುಡಿಸುತ್ತ ಯಾರೋ ಮರೆತುಹೋದ ಫ್ಲಾಸ್ಕನ್ನು ಕಂಡು ಕಲಕಿಹೋಗುವ ಇಂದ್ರನೀಲ, ಇವರು ಕನ್ನಡವನ್ನು ಆಡುವವರಲ್ಲ. ಆದರೂ ಕನ್ನಡದಲ್ಲಿ ಬದುಕುತ್ತಾರೆ. ಇಲ್ಲಿ ನಗರಕ್ಕೆ ಒಗ್ಗಿಕೊಂಡದ್ದು ಪಾತ್ರಕ್ಕಿಂತ ಹೆಚ್ಚಾಗಿ ಕನ್ನಡ ಭಾಷೆ. ಚಾಳು, ಖೋಲಿ, ನಾಕಾ, ಲೋಕಲ್ಲು, ಡಬ್ಬಾ ಮುಂತಾದ ಪದಗಳು ಮುಂಬಯಿ ಕನ್ನಡದಲ್ಲಿ ಉಲ್ಲೇಖಚಿಹ್ನೆಯ ಹಂಗಿಲ್ಲದೆ ಕೂತಿವೆ. ಕೆಲವು ಪದಗಳಂತೂ ಅರ್ಥವನ್ನೇ ಬದಲಿಸಿಕೊಂಡವು. ಊರಿನಲ್ಲಿ ‘ಮೋರಿ’ ಎಂದರೆ ಕೊಳಚೆ ಹರಿಯುವ ಕಾಲುವೆ. ಮುಂಬಯಿಯ ಖೋಲಿಯಲ್ಲಿ ಅದು ಒಂದು ಮೂಲೆಗೆ ಅಂಗೈಯಗಲದ ಕಟ್ಟೆ ಕಟ್ಟಿದ ಜಾಗ, ಮೀಯುವುದೂ ಪಾತ್ರೆ ತೊಳೆಯುವುದೂ ಅಲ್ಲಿಯೇ. ಬಾವಿಕಟ್ಟೆ, ಬಚ್ಚಲು, ಹಿತ್ತಿಲು ಎಂಬ ಮೂರು ಸ್ಥಳಗಳು ಈ ಒಂದು ಪದದೊಳಗೆ ಮಡಿಚಿಕೊಂಡಿವೆ. ಬಾವಿಯ ನೀರನ್ನು ಬೇಕೆಂದಾಗ ಸೇದಿಕೊಂಡವಳು ಇಲ್ಲಿ ನಲ್ಲಿ ಬರುವ ಗಳಿಗೆಗೆ ನಸುಕಿನಲ್ಲಿ ಎದ್ದು ಸರದಿ ನಿಲ್ಲಬೇಕು. ಆ ನೀರಾದರೋ ತಾನಸಾ, ವೈತರಣಾ, ಭಾತಸಾ ಮುಂತಾಗಿ ನಗರದಿಂದ ದೂರದ ಜಲಾಶಯಗಳಿಂದ ಬರುವಂಥದು. ತಾನಸಾದಿಂದ ಮುಂಬಯಿಗೆ ನೀರು ಬಂದದ್ದು 1892ರಲ್ಲಿ. ‘ಅಲ್ಲಿಯ ನೀರು’ ಎಂದು ಹಿರಿಯರು ಕೇಳಿದ್ದು ಕಟ್ಟುನಿಟ್ಟಾಗಿ ನೋಡಿದರೆ ಅಲ್ಲಿಯದೇ ಅಲ್ಲ.

ಅವರ ಕಥೆಗಳ ಇಂಗ್ಲಿಷ್ ಅನುವಾದವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ (ಅನುವಾದ: ತೇಜಸ್ವಿನಿ ನಿರಂಜನ, ಇದಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಸಂದಿತು) ಸಂಕಲನದ ಕೊನೆಯಲ್ಲಿ ‘ವಾಟರ್’ ಎಂಬ ಹೆಸರಿನ ಕಥೆಯಿದೆ. ಮಹಾಮಳೆಯಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿಯೊಂದರಲ್ಲಿ ಪರಸ್ಪರ ಅಪರಿಚಿತರಾದ ಇಬ್ಬರು ಪ್ರಯಾಣಿಕರೂ ಚಾಲಕನೂ ಹೊತ್ತು ಕಳೆಯುತ್ತಾರೆ. ಈ ಕಥೆಯನ್ನು ಓದುವ ಯಾವ ಮುಂಬಯಿವಾಸಿಗೂ 2005ರ ಜುಲೈ 26 ನೆನಪಾಗದಿರದು. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು, ಅದೇ ಅವಧಿಯಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಮಾತ್ರ. ಮಳೆಯ ವಿಷಯದಲ್ಲಿ ಕರಾವಳಿಯವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ ಎಂದು ನಕ್ಷತ್ರ ಹಿಡಿದು ಮಳೆಯ ಗುಣವನ್ನು ಹೇಳಬಲ್ಲ ಅರಿವು ಅವನದು. ಆದರೆ ಆ ಅರಿವು ನಿಂತದ್ದು ಗದ್ದೆ, ತೋಡು, ಹೊಳೆ, ಅಳಿವೆ ಎಂಬ ಸರಣಿಯ ಮೇಲೆ. ಬಿದ್ದ ನೀರಿಗೆ ಕಡಲಿನವರೆಗೆ ದಾರಿ ಇದೆಯೆಂಬ ನಂಬಿಕೆಯ ಮೇಲೆ. ವಿಹಾರ, ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಮಾಹಿಮಿನಲ್ಲಿ ಕಡಲು ಸೇರಬೇಕಾದ ಮೀಠಿ ನದಿಯನ್ನು ಒತ್ತುವರಿ, ಕಸ ಮತ್ತು ಕಾಂಡ್ಲಾಕಾಡಿನ ಜೌಗನ್ನು ತುಂಬಿ ಎಬ್ಬಿಸಿದ ಕಟ್ಟಡಗಳು ಇಕ್ಕಟ್ಟುಗೊಳಿಸಿದ್ದವು. ಅಳಿವೆಯೇ ಕಟ್ಟಿಹೋದ ಕಡೆ ನಕ್ಷತ್ರದ ಲೆಕ್ಕ ಏನು ಮಾಡೀತು? ಅಂದು ಕೆಲಸಕ್ಕೆ ಬಂದದ್ದು ಬೇರೊಂದು ಅರಿವು, ಲೋಕಲ್ಲಿನಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೆಯವನಿಗೆ ಅರೆಜಾಗ ಬಿಡುವ ದಿನನಿತ್ಯದ ಅಭ್ಯಾಸ. ಗೊತ್ತಿಲ್ಲದವರ ಮನೆಗಳಲ್ಲಿ ರಾತ್ರಿ ಕಳೆದು, ಗೊತ್ತಿಲ್ಲದವರು ಕೊಟ್ಟ ಚಹ ಕುಡಿದು ಜನ ಮನೆ ಸೇರಿದರು. ಕಾಯ್ಕಿಣಿಯವರ ಕಥೆ ಈ ಅರಿವನ್ನು ಹಿಡಿಯುತ್ತದೆ. ಅದರ ಮಾನವೀಯತೆಯನ್ನು ಎಲ್ಲರೂ ಮೆಚ್ಚಿದ್ದಾರೆ. ನಮಗೆ ಒಂದು ಅನುಮಾನವೂ ಇದೆ. ನದಿಯನ್ನು ಕಟ್ಟಿದವರ ತಪ್ಪನ್ನು ಅಪರಿಚಿತರ ಸೌಜನ್ಯ ಎಷ್ಟು ಕಾಲ ಭರಿಸಬೇಕು ಎಂಬುದನ್ನು ಕಥೆ ಕೇಳುವುದಿಲ್ಲ. ಒಗ್ಗಿಕೊಳ್ಳುವ ಶಕ್ತಿಯನ್ನು ಹೊಗಳುವುದು ಕೆಲವೊಮ್ಮೆ ಒಗ್ಗಬಾರದ್ದಕ್ಕೂ ಒಗ್ಗಿಸುವ ಉಪಾಯವಾಗಬಲ್ಲದು.

ಆಟಿ ತಿಂಗಳಿನಲ್ಲಿ ಮುಂಬಯಿಯ ತುಳು-ಕನ್ನಡ ಸಂಘಗಳು ನಡೆಸುವ ‘ಆಟಿಡೊಂಜಿ ದಿನ’ವನ್ನೂ ಇಲ್ಲಿ ನೆನೆಯಬೇಕು. ಊರಿನಲ್ಲಿ ಆಟಿ ಎಂದರೆ ಕಣಜ ಬರಿದಾಗುವ ಕಾಲ. ಅಮಾವಾಸ್ಯೆಯ ಮುಂಜಾನೆ ಕುಡಿಯುವ ಹಾಲೆಮರದ ತೊಗಟೆಯ ಕಷಾಯ, ಕೆಸುವಿನೆಲೆಯ ಪತ್ರೊಡೆ, ತಜಂಕಿನ ಪಲ್ಯ ಇವು ಹಸಿವು, ರೋಗಗಳನ್ನು ದಾಟಿಸುವ ಅರಿವಾಗಿದ್ದವು. ಸಭಾಭವನದ ಮೇಜಿನ ಮೇಲೆ ಅವು ಪ್ರದರ್ಶನವಾಗಿವೆ ಎಂದು ಟೀಕಿಸುವುದು ಸುಲಭ. ಆದರೆ ಅದೇ ತಜಂಕು ಟಾಕಳಾ ಎಂಬ ಹೆಸರಿನಿಂದ ಮುಂಬಯಿಯ ಮಳೆಗಾಲದಲ್ಲಿಯೂ ತಾನಾಗಿ ಹುಟ್ಟುತ್ತದೆ. ಸುತ್ತಲಿನ ಆದಿವಾಸಿ ಹೆಂಗಸರು ಅದನ್ನು ಕಟ್ಟುಕಟ್ಟಾಗಿ ತಂದು ಉಪನಗರಗಳ ರಸ್ತೆಬದಿಯಲ್ಲಿ ಮಾರುತ್ತಾರೆ. ಕೆಸುವಿನೆಲೆಯನ್ನು ಮರಾಠಿ ಮನೆಗಳು ಅಳೂವಡಿಯಾಗಿ ಬಲ್ಲವು. ಸೊಪ್ಪನ್ನು ಗುರುತಿಸಬಲ್ಲ ಕಣ್ಣು ಇರುವವಳಿಗೆ ಹೆಸರು ಬದಲಾದದ್ದು ದೊಡ್ಡ ತೊಡಕಲ್ಲ. ನಮ್ಮ ಕಥೆಗಾರರು ಈ ಕೊಳ್ಳುವಿಕೆಯ ಮಾತುಕತೆಯನ್ನು ಇನ್ನಷ್ಟು ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ಇಲ್ಲಿ ಚರ್ಚಿಸಿದ ಕೃತಿಗಳೆಲ್ಲ ಕರಾವಳಿಯಿಂದ ಬಂದ, ಕಚೇರಿ ಕೆಲಸದ ಅನುಭವವಿರುವ ಅಥವಾ ಓದುಬರಹದ ಹಿನ್ನೆಲೆಯ ಲೇಖಕರವು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬರಗಾಲದಲ್ಲಿ ಗುಳೆ ಬಂದು ಕಟ್ಟಡದ ಕೆಲಸಕ್ಕೆ ನಿಂತವರೂ ಮುಂಬಯಿಯ ಕನ್ನಡಿಗರೇ. ಅವರದು ನೀರಿಲ್ಲದ ನೆಲದ ಅರಿವು. ಒಂದು ಕೊಡ ನೀರಿನಲ್ಲಿ ದಿನ ಕಳೆಯುವ ಲೆಕ್ಕವನ್ನು ಅವರು ಊರಿನಿಂದಲೇ ಕಲಿತು ಬಂದವರು. ಈ ಕೃತಿಗಳಲ್ಲಿ ಅವರು ಅಂಚಿನಲ್ಲಿಯೂ ಕಾಣುವುದಿಲ್ಲ. ಹೋಟೆಲಿನ ಹುಡುಗ, ರಾತ್ರಿಶಾಲೆಯ ಮಾಸ್ತರರು ಕೂಡ ಇವುಗಳ ಕೇಂದ್ರಕ್ಕೆ ಬಂದಿಲ್ಲ. ಕನ್ನಡಿಗರು ಮುಂಬಯಿಯಲ್ಲಿ ಕಟ್ಟಿಕೊಂಡ ಅತ್ಯಂತ ಸಮರ್ಥವಾದ ಎರಡು ಸಂಸ್ಥೆಗಳು ಅದರ ಅತ್ಯುತ್ತಮ ಕಥನದ ಹೊರಗೆ ಉಳಿದದ್ದು ಆಕಸ್ಮಿಕವಲ್ಲ. ಒಂಟಿತನವನ್ನು ಶೋಧಿಸಲು ಹೊರಟ ಕಾದಂಬರಿಗೆ ಒಟ್ಟಿಗೆ ಮಲಗುವ ಇಪ್ಪತ್ತು ಹುಡುಗರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಅವರ ದಾಖಲೆ ಬೇರೆಡೆ ಇದೆ: ಸಂಘಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ, ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ. ಹೋಟೆಲುಗಳ ಜಾಹೀರಾತಿನ ಪಕ್ಕದ ಪುಟದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತಾನು ಯಾವ ವರ್ಷ ಬಂದೆ, ಯಾರ ಕೈಕೆಳಗೆ ಮೇಜು ಒರೆಸಿದೆ, ಯಾವ ಮಾಸ್ತರರು ಮೆಟ್ರಿಕ್ಕಿಗೆ ಫೀಸು ಕಟ್ಟಿದರು ಎಂದು ಎರಡು ಪುಟ ಬರೆದಿರುತ್ತಾನೆ. ಸಾಹಿತ್ಯದ ಮಾನದಂಡದಿಂದ ಇವನ್ನು ಯಾರೂ ಓದಿಲ್ಲ. ರಾತ್ರಿಶಾಲೆಗಳಲ್ಲಿ ಹಲವು ಈಗಾಗಲೇ ಮುಚ್ಚಿವೆ. ಕನ್ನಡ ಮಾಧ್ಯಮದ ತರಗತಿಗಳು ತೆಳುವಾಗುತ್ತ ಬಂದಿವೆ. ಆ ಶಾಲೆಗಳಲ್ಲಿ ಓದಿದ ತಲೆಮಾರಿಗೆ ವಯಸ್ಸಾಗಿದೆ. ಸಂಚಿಕೆಗಳು ಬಹುಮಟ್ಟಿಗೆ ಗ್ರಂಥಾಲಯಗಳಲ್ಲಿಲ್ಲ. ಡೊಂಬಿವಿಲಿಯಲ್ಲೋ ಮಲಾಡಿನಲ್ಲೋ ಯಾರದೋ ಮನೆಯ ಅಟ್ಟದ ಮೇಲೆ, ಹಳೆಯ ಲೆಕ್ಕದ ಪುಸ್ತಕಗಳೊಡನೆ, ಮನೆ ಬದಲಿಸುವ ದಿನದವರೆಗೆ ಇರುತ್ತವೆ.